ಚೆನ್ನಾಗಿ ಜಗಳವಾಡುವ ಬಗ್ಗೆ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೆಯೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ.

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆ ಕೇಳುತ್ತಲೇ ಬೆಳೆದವರು ನಾವು. ಅದರ ಮೊದಲರ್ಧವನ್ನು ವೈದ್ಯರಿಗೆ ಬಿಡೋಣ. ಎರಡನೆಯ ಅರ್ಧದ ಬಗ್ಗೆ ನನಗೆ ತಕರಾರಿದೆ. ಮಾತು ಬಲ್ಲವರ ಮನೆಯಲ್ಲೂ ಜಗಳ ಇದ್ದೇ ಇದೆ. ಅಂಥವರು ಇಬ್ಬರು ಒಂದೇ ಸೂರಿನಡಿ ಇದ್ದರಂತೂ ಕೇಳುವುದೇ ಬೇಡ, ಇಬ್ಬರ ಹತ್ತಿರವೂ ವಾದಕ್ಕೆ ಬೇಕಾದಷ್ಟು ಸರಕು ಇರುತ್ತದೆ. ಈ ಗಾದೆಯನ್ನು ಪೂರ್ತಿ ನಂಬಿದರೆ ಒಂದು ತೊಂದರೆಯಿದೆ. ಒಂದು ಭಿನ್ನಾಭಿಪ್ರಾಯ ತಲೆ ಎತ್ತಿದ ಕೂಡಲೇ ನಮ್ಮ ಸಂಬಂಧದಲ್ಲೇ ಏನೋ ಐಬಿದೆ ಅನ್ನಿಸತೊಡಗುತ್ತದೆ. ಆಗ ಎರಡೇ ದಾರಿ ಕಾಣುತ್ತವೆ: ಬಾಯಿ ಮುಚ್ಚಿಕೊಂಡಿರುವುದು, ಇಲ್ಲವೇ ಗೆದ್ದು ಮುಗಿಸುವುದು.

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜಾನ್ ಗಾಟ್ಮನ್ ಎಂಬ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ ಒಂದು ವಿಚಿತ್ರ ಪ್ರಯೋಗಾಲಯ ಕಟ್ಟಿದರು. ನೋಡಲು ಸಾಧಾರಣ ಮನೆಯ ಹಾಗಿದ್ದ ಜಾಗ. ಅಲ್ಲಿಗೆ ದಂಪತಿಗಳನ್ನು ಕರೆದು, ಮೈಗೆ ಹೃದಯ ಬಡಿತ ಅಳೆಯುವ ಉಪಕರಣ ಕಟ್ಟಿ, ನಿಮ್ಮಿಬ್ಬರ ನಡುವೆ ಸದಾ ತಕರಾರಾಗುವ ವಿಷಯ ಯಾವುದೋ ಅದನ್ನೇ ಮಾತಾಡಿ ಎನ್ನುತ್ತಿದ್ದರು. ಎಲ್ಲವೂ ವಿಡಿಯೋದಲ್ಲಿ ದಾಖಲಾಗುತ್ತಿತ್ತು. ನಾಲ್ಕು ವರ್ಷಗಳ ನಂತರ ಅದೇ ದಂಪತಿಗಳನ್ನು ಮತ್ತೆ ಕರೆಸಿ ನೋಡಿದರೆ, ಮೈಮೇಲಿನ ಬಟ್ಟೆ ಬದಲಾಗಿತ್ತು, ತಲೆಗೂದಲು ಬದಲಾಗಿತ್ತು, ಜಗಳದ ವಿಷಯ ಮಾತ್ರ ಅದೇ. ಗಾಟ್ಮನ್ ಅವರ ಲೆಕ್ಕದಲ್ಲಿ ದಂಪತಿಗಳ ನಡುವಿನ ಭಿನ್ನಾಭಿಪ್ರಾಯಗಳಲ್ಲಿ ಶೇ. 69ರಷ್ಟು ಈ ಜಾತಿಯವು. ಇವು ಬಗೆಹರಿಯುವುದಿಲ್ಲ. ಒಬ್ಬರಿಗೆ ನಾಲ್ಕು ಜನ ಬಂದು ಹೋಗುವ ಮನೆ ಬೇಕು, ಇನ್ನೊಬ್ಬರಿಗೆ ಮನೆ ಅಂದರೆ ಬಾಗಿಲು ಹಾಕಿಕೊಂಡು ಕೂರುವ ಜಾಗ. ಒಬ್ಬರಿಗೆ ಹಣ ಅಂದರೆ ಭದ್ರತೆ, ಇನ್ನೊಬ್ಬರಿಗೆ ಹಣ ಇರುವುದೇ ಖರ್ಚಿಗೆ. ಇದರಲ್ಲಿ ತಪ್ಪು ಯಾರದು?

ಈ ಅಂಕಿಯನ್ನು ಹೇಳಿದಾಗಲೆಲ್ಲ ಕೆಲವರ ಮುಖ ಸಪ್ಪಗಾಗುತ್ತದೆ. (ಈಗಲೂ ಮುಂದಿನ ಸಾಲಿನಲ್ಲಿ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.) ನನಗೆ ಮಾತ್ರ ಇದು ಸಮಾಧಾನದ ಸುದ್ದಿ. ಇಪ್ಪತ್ತು ವರ್ಷದಿಂದ ಒಂದೇ ವಿಷಯಕ್ಕೆ ಜಗಳ ಆಡುತ್ತಿದ್ದೀರಿ ಅಂದರೆ ನೀವು ಸೋತಿದ್ದೀರಿ ಅಂತ ಅರ್ಥವಲ್ಲ. ಬಹುಪಾಲು ಜನರ ಹಾಗೆಯೇ ಇದ್ದೀರಿ. ಅಣ್ಣ ತಮ್ಮಂದಿರಿಗೂ, ಅಪ್ಪ ಮಕ್ಕಳಿಗೂ, ಹಳೆಯ ಗೆಳೆಯರಿಗೂ ಈ ಮಾತು ಹೊಂದುತ್ತದೆ ಅಂತ ನನ್ನ ಅಂದಾಜು, ಗಾಟ್ಮನ್ ನೋಡಿದ್ದು ದಂಪತಿಗಳನ್ನಾದರೂ. ವಿಷಯ ಬಗೆಹರಿಯುವುದಿಲ್ಲ ಅಂದ ಮೇಲೆ ಅದು ಮತ್ತೆ ಮತ್ತೆ ಬರುತ್ತದೆ. ಬಂದಾಗ ಅದನ್ನು ಹೇಗೆ ಮಾತಾಡುತ್ತೇವೆ ಅನ್ನುವುದರ ಮೇಲೆ ಸಂಬಂಧದ ಆರೋಗ್ಯ ನಿಂತಿದೆ. ಈ ಸಂಜೆ ನಾನು ಹೇಳಬೇಕೆಂದಿರುವುದು ಇಷ್ಟೇ, ಉಳಿದದ್ದೆಲ್ಲ ಇದರ ವಿವರ.

ಮೊದಲು, ಮಾತು ಶುರುವಾಗುವ ಗಳಿಗೆ. 1999ರಲ್ಲಿ ಸಿಬಿಲ್ ಕರೇರ್ ಮತ್ತು ಗಾಟ್ಮನ್ ಒಂದು ಅಧ್ಯಯನ ಪ್ರಕಟಿಸಿದರು. ಹೊಸದಾಗಿ ಮದುವೆಯಾದ 124 ಜೋಡಿಗಳು ತಕರಾರಿನ ವಿಷಯವೊಂದನ್ನು ಹದಿನೈದು ನಿಮಿಷ ಮಾತಾಡಿದ್ದರು. ಆ ಹದಿನೈದರಲ್ಲಿ ಮೊದಲ ಮೂರು ನಿಮಿಷಗಳ ಧಾಟಿಗೂ, ಮುಂದಿನ ಆರು ವರ್ಷಗಳಲ್ಲಿ ಯಾರ ಮದುವೆ ಮುರಿಯಿತು ಅನ್ನುವುದಕ್ಕೂ ಸಂಬಂಧ ಕಂಡಿತು. ಇಲ್ಲೊಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಇಂಥ ಅಧ್ಯಯನಗಳನ್ನು ಹಿಡಿದುಕೊಂಡು "ಮೂರು ನಿಮಿಷ ನೋಡಿ ವಿಚ್ಛೇದನದ ಭವಿಷ್ಯ ಹೇಳುತ್ತಾರೆ" ಎಂದು ಪತ್ರಿಕೆಗಳು ಬರೆದವು. ಫಲಿತಾಂಶ ಗೊತ್ತಾದ ಮೇಲೆ ಸೂತ್ರ ಹೊಂದಿಸುವುದು ಬೇರೆ, ಹೊಸ ಜೋಡಿಯೊಂದರ ಭವಿಷ್ಯ ಮುಂಚೆಯೇ ಹೇಳುವುದು ಬೇರೆ ಎಂದು ಇತರ ಸಂಶೋಧಕರು ಆಕ್ಷೇಪಿಸಿದ್ದಾರೆ. ಆಕ್ಷೇಪ ನ್ಯಾಯವಾದದ್ದೇ. ನಿಮ್ಮ ನಿನ್ನೆಯ ಜಗಳ ನೆನೆದು ಯಾರೂ ಗಾಬರಿಯಾಗಬೇಕಿಲ್ಲ. ಆದರೆ ಒರಟಾಗಿ ಶುರುವಾದ ಮಾತು ಒರಟಾಗಿಯೇ ಮುಗಿಯುತ್ತದೆ ಅನ್ನುವಷ್ಟು ನಮ್ಮೆಲ್ಲರ ಅನುಭವಕ್ಕೂ ಬಂದಿದೆ.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಒಬ್ಬ ಅಕ್ಕ, ಒಬ್ಬ ತಮ್ಮ. ತಾಯಿಗೆ ವಯಸ್ಸಾಗಿದೆ. ಅಕ್ಕ ತಾಯಿಯ ಜೊತೆಗಿದ್ದಾಳೆ, ತಮ್ಮ ಬೇರೆ ಊರಿನಲ್ಲಿ. ಅಕ್ಕ ಫೋನ್ ಮಾಡುತ್ತಾಳೆ.

"ನಿನಗೇನಪ್ಪ, ಆರಾಮಾಗಿದ್ದೀಯ. ಅಮ್ಮ ಇದ್ದಾಳೋ ಇಲ್ಲವೋ ಅಂತ ಒಂದು ದಿನವಾದರೂ ಕೇಳಿದ್ದೀಯಾ?"

"ಒಂದು ದಿನವೂ ಕೇಳಿಲ್ಲವಾ? ಹೋದ ವಾರ ಫೋನ್ ಮಾಡಿದ್ದು ಯಾರು? ತಿಂಗಳು ತಿಂಗಳು ದುಡ್ಡು ಕಳಿಸ್ತಿರೋದು ಯಾರು?"

"ದುಡ್ಡಿನ ಲೆಕ್ಕ ಹೇಳಬೇಡ ನನಗೆ."

"ಲೆಕ್ಕ ಶುರು ಮಾಡಿದ್ದು ನೀನು."

ಅರ್ಧ ನಿಮಿಷವೂ ಆಗಿಲ್ಲ. ಮಾತು ಈಗ ಎಲ್ಲಿಗೆ ಬಂದು ನಿಂತಿದೆ ನೋಡಿ. ಇಲ್ಲಿಂದ ಮುಂದೆ ಮದುವೆ ಖರ್ಚು, ಹಳೇ ಮನೆ ಮಾರಿದ್ದು, ಚಿಕ್ಕಂದಿನಲ್ಲಿ ಯಾರನ್ನು ಹೆಚ್ಚು ಮುದ್ದು ಮಾಡಿದರು, ಎಲ್ಲವೂ ಬರುತ್ತದೆ. ಅಕ್ಕ ಫೋನ್ ಮಾಡಿದ್ದು ಯಾಕೆ? ಮುಂದಿನ ಗುರುವಾರ ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯಬೇಕಿತ್ತು, ಅವಳಿಗೆ ರಜೆ ಸಿಗುವ ಹಾಗಿರಲಿಲ್ಲ. ಆ ಗುರುವಾರದ ಮಾತು ಈ ಸಂಭಾಷಣೆಯಲ್ಲಿ ಎಲ್ಲೂ ಬರಲೇ ಇಲ್ಲ. ತಮ್ಮನಿಗೆ ಅದು ಗೊತ್ತೇ ಇಲ್ಲ. ಅವನ ಕಿವಿಗೆ ಬಿದ್ದದ್ದು "ನೀನು ಕೆಟ್ಟ ಮಗ" ಎಂಬ ತೀರ್ಪು. ತೀರ್ಪು ಕೇಳಿಸಿಕೊಂಡ ಯಾವನೂ ವಿಷಯ ಮಾತಾಡುವುದಿಲ್ಲ, ತನ್ನ ವಕಾಲತ್ತು ತಾನೇ ವಹಿಸಿಕೊಳ್ಳುತ್ತಾನೆ. ಅದರಲ್ಲೂ "ಒಂದು ದಿನವಾದರೂ" ಎಂದು ಕೇಳಿದರೆ ವಕೀಲನಿಗೆ ಸುಗ್ಗಿ. ಒಂದೇ ಒಂದು ದಿನ ತೋರಿಸಿದರೆ ಕೇಸು ಗೆದ್ದ ಹಾಗೆ.

ಅದೇ ಅಕ್ಕ ಹೀಗೆ ಹೇಳಿದ್ದರೆ?

"ಮುಂದಿನ ಗುರುವಾರ ಅಮ್ಮನಿಗೆ ಕಣ್ಣು ತೋರಿಸಬೇಕು. ಹೋದ ಮೂರು ಸಲವೂ ನಾನೇ ರಜೆ ಹಾಕಿದ್ದೆ, ಈ ಸಲ ಆಫೀಸಿನಲ್ಲಿ ಕಷ್ಟ. ನಿಜ ಹೇಳಬೇಕೆಂದರೆ ನನಗೆ ಸುಸ್ತಾಗಿದೆ. ನೀನು ಒಂದು ದಿನಕ್ಕೆ ಬರೋಕಾಗುತ್ತಾ?"

ಇದರಲ್ಲಿ ನಯನಾಜೂಕು ಹೆಚ್ಚೇನಿಲ್ಲ. ದೂರು ಇದೆ, ಬೇಸರ ಇದೆ, ಮುಚ್ಚುಮರೆ ಇಲ್ಲ. ಆದರೆ ನಡೆದದ್ದು ಏನು, ಅದರಿಂದ ತನಗೇನಾಗಿದೆ, ಈಗ ಬೇಕಾದ್ದೇನು, ಮೂರೂ ಇವೆ. ತಮ್ಮ ಆಗ "ಗುರುವಾರ ಆಗಲ್ಲ" ಅಂತಲೂ ಹೇಳಬಹುದು. ಹೇಳಲಿ. ಜಗಳವೇ ಆದರೂ ಅದು ಗುರುವಾರದ ಬಗ್ಗೆ ಆಗುತ್ತದೆ. ಗುರುವಾರಕ್ಕೆ ಪರಿಹಾರ ಇದೆ. "ನೀನು ಎಂಥ ಮಗ" ಎಂಬುದಕ್ಕೆ ಪರಿಹಾರ ಇಲ್ಲ.

ನೀವು ಕೇಳಬಹುದು, ಸಿಟ್ಟು ಬಂದಾಗ ಇಷ್ಟು ಅಳೆದು ತೂಗಿ ಯಾರು ಮಾತಾಡುತ್ತಾರೆ ಅಂತ. ಯಾರೂ ಮಾತಾಡುವುದಿಲ್ಲ, ಒಪ್ಪಿದೆ. ಮೂರು ಸಲ ಒಬ್ಬಳೇ ರಜೆ ಹಾಕಿ, ಮೂರು ಸಲವೂ ತುಟಿ ಕಚ್ಚಿಕೊಂಡು ಸುಮ್ಮನಿದ್ದು, ನಾಲ್ಕನೆಯ ಸಲ ಫೋನ್ ಎತ್ತಿದವಳ ಬಾಯಿಂದ ಮೊದಲನೆಯ ಥರದ ಮಾತೇ ಬರುವುದು. ತಪ್ಪಾದದ್ದು ಆ ಫೋನಿನಲ್ಲಲ್ಲ, ಮೊದಲ ಸಲ ಸುಮ್ಮನಿದ್ದಾಗ. ಹೊಂದಿಕೊಂಡು ಹೋಗುವುದನ್ನು ನಾವು ದೊಡ್ಡ ಗುಣ ಅಂತ ಹೊಗಳುತ್ತೇವೆ, ಅದರಲ್ಲೂ ಹೆಣ್ಣುಮಕ್ಕಳಲ್ಲಿ. ಹೀಗೆ ಹೊಂದಿಕೊಂಡವರ ಮನಸ್ಸಿನಲ್ಲಿ ಒಂದು ಬಾಕಿ ಪಟ್ಟಿ ಬೆಳೆಯುತ್ತಾ ಹೋಗುತ್ತದೆ, ಸಾಲ ಇದೆ ಅನ್ನುವುದೇ ಎದುರಿನವರಿಗೆ ಗೊತ್ತಿರುವುದಿಲ್ಲ. ಸಣ್ಣ ದೂರನ್ನು ಸಣ್ಣದಿರುವಾಗಲೇ ಹೇಳುವುದಕ್ಕೆ ಧೈರ್ಯ ಬೇಕು. ಅದಕ್ಕಿಂತ ಹೆಚ್ಚಾಗಿ, ಅದನ್ನು ಕೇಳಿಸಿಕೊಂಡು "ಇಷ್ಟಕ್ಕೆಲ್ಲಾ ಮಾತಾ?" ಅನ್ನದ ಒಬ್ಬರು ಎದುರಿಗೆ ಬೇಕು.

ಗಾಟ್ಮನ್ ಅವರ ಪಟ್ಟಿಯಲ್ಲಿ ಸಂಬಂಧಕ್ಕೆ ಕುತ್ತು ತರುವ ನಾಲ್ಕು ವರ್ತನೆಗಳಿವೆ: ವ್ಯಕ್ತಿತ್ವದ ಮೇಲೆಯೇ ಆರೋಪ ಹೊರಿಸುವುದು, ತಿರಸ್ಕಾರ, ತನ್ನನ್ನು ತಾನೇ ಸಮರ್ಥಿಸಿಕೊಳ್ಳುವುದು, ಮತ್ತು ಗೋಡೆಯ ಹಾಗೆ ಮೌನವಾಗಿ ಕೂರುವುದು. ಇವುಗಳಲ್ಲಿ ತಿರಸ್ಕಾರವೇ ಅತ್ಯಂತ ವಿಷಕಾರಿ ಎಂದು ಅವರು ಹೇಳುತ್ತಾರೆ. ಕಣ್ಣು ಮೇಲೆ ತಿರುಗಿಸುವುದು, ಎದುರಿನವರ ಧ್ವನಿಯನ್ನು ಅಣಕಿಸುವುದು, ನಾಲ್ಕು ಜನರ ಮುಂದೆ "ಇವರಿಗೆ ಅಷ್ಟೆಲ್ಲ ತಿಳಿಯಲ್ಲ ಬಿಡಿ" ಎಂದು ನಗುವುದು. ಸಿಟ್ಟಿನಲ್ಲಿ ಎಷ್ಟೇ ಕೂಗಾಡಿದರೂ ಎದುರಿನವರು ಸಮಾನರು ಎಂಬ ಭಾವ ಉಳಿದಿರುತ್ತದೆ. ಅಣಕದಲ್ಲಿ ಅದು ಹೋಗಿರುತ್ತದೆ. ಜೋರು ಧ್ವನಿಯ ಮನೆಗಳ ಬಗ್ಗೆ ಅಕ್ಕಪಕ್ಕದವರು ತಲೆ ಕೆಡಿಸಿಕೊಳ್ಳುತ್ತಾರೆ. ನನಗೆ ಹೆಚ್ಚು ಭಯವಾಗುವುದು ನಗುನಗುತ್ತಾ ಕುಟುಕುವ ಮನೆಗಳನ್ನು ಕಂಡರೆ.

ಇನ್ನು "ಎಲ್ಲಾ ನಾನೇ ಮಾಡೋದು" ಎಂಬ ಮಾತಿಗೆ ಬರುತ್ತೇನೆ. ಈ ವಾಕ್ಯ ಕೇಳದ ಮನೆ ಇರಲಾರದು. 1979ರಲ್ಲಿ ಕೆನಡಾದ ಮೈಕಲ್ ರಾಸ್ ಮತ್ತು ಫಿಯೋರ್ ಸಿಕೋಲಿ 37 ದಂಪತಿಗಳಿಗೆ ಇಪ್ಪತ್ತು ಕೆಲಸಗಳ ಪಟ್ಟಿ ಕೊಟ್ಟು, ಪ್ರತಿಯೊಂದರಲ್ಲೂ ನಿಮ್ಮ ಪಾಲು ಎಷ್ಟು ಎಂದು ಗಂಡನನ್ನೂ ಹೆಂಡತಿಯನ್ನೂ ಬೇರೆ ಬೇರೆ ಕೇಳಿದರು. ಇಬ್ಬರ ಉತ್ತರ ಕೂಡಿಸಿದರೆ ಬಹುಪಾಲು ಕೆಲಸಗಳಲ್ಲಿ ನೂರು ದಾಟಿತು. ಇಬ್ಬರೂ ಬಡಾಯಿ ಕೊಚ್ಚಿಕೊಂಡರು ಅಂದುಕೊಳ್ಳಬೇಡಿ. ಪಟ್ಟಿಯಲ್ಲಿ ಜಗಳ ಹುಟ್ಟುಹಾಕುವುದೂ ಒಂದಾಗಿತ್ತು, ಅದರಲ್ಲೂ ಜನ ತಮ್ಮ ಪಾಲನ್ನು ಹೆಚ್ಚಾಗಿಯೇ ಹೇಳಿದರು! ಕಾರಣ ಸರಳ. ನಾನು ಪಾತ್ರೆ ತೊಳೆದದ್ದು ನನಗೆ ನೆನಪಿದೆ, ಏಕೆಂದರೆ ಅಲ್ಲಿ ನಾನಿದ್ದೆ. ನೀವು ಬಿಲ್ಲು ಕಟ್ಟಿದ್ದು, ರಿಪೇರಿಯವನಿಗೆ ನಾಲ್ಕು ಸಲ ಫೋನ್ ಮಾಡಿದ್ದು ನನ್ನ ಕಣ್ಣಿಗೆ ಬಿದ್ದೇ ಇಲ್ಲ. ಆದ್ದರಿಂದ "ಎಲ್ಲಾ ನಾನೇ" ಅನ್ನುವವರು ಸುಳ್ಳು ಹೇಳುತ್ತಿಲ್ಲ, ತಮ್ಮ ನೆನಪಿನ ಪ್ರಕಾರ ಸತ್ಯವನ್ನೇ ಹೇಳುತ್ತಿದ್ದಾರೆ. ಅದನ್ನು ಸುಳ್ಳೆಂದು ಸಾಬೀತು ಮಾಡಲು ಹೊರಡುವುದಕ್ಕಿಂತ, "ನಾನು ನೋಡದೇ ಇರೋದು ಏನೇನು ಮಾಡ್ತಿದ್ದೀಯ, ಹೇಳು" ಎಂದು ಕೇಳಿ ನೋಡಿ. ಉತ್ತರ ಉದ್ದವಾಗಿಯೇ ಬರುತ್ತದೆ, ಸ್ವಲ್ಪ ಸಮಯ ಇಟ್ಟುಕೊಂಡು ಕೇಳಿ. ಹಾಗೆಂದು ಪಾಲು ಯಾವಾಗಲೂ ಸಮವೇ ಇರುತ್ತದೆ ಅಂತ ನಾನು ಹೇಳುತ್ತಿಲ್ಲ. ನಿಜವಾಗಿಯೂ ಒಬ್ಬರೇ ಹೆಚ್ಚು ಹೊರುತ್ತಿರುವ ಮನೆಗಳು ಬೇಕಾದಷ್ಟಿವೆ. ಅಂಥ ಕಡೆಯೂ ಈ ಪ್ರಶ್ನೆಯಿಂದಲೇ ಅದು ಬೆಳಕಿಗೆ ಬರುತ್ತದೆ.

ನಮ್ಮ ಮನಸ್ಸಿನಲ್ಲಿರುವುದು ಎದುರಿನವರಿಗೆ ತಾನಾಗಿ ಗೊತ್ತಾಗುತ್ತದೆ ಎಂಬ ಭ್ರಮೆಯೂ ಇದರ ಅಣ್ಣತಮ್ಮನೇ. 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಎಂಬ ಸಂಶೋಧನಾ ವಿದ್ಯಾರ್ಥಿನಿ ಒಂದು ಆಟ ಆಡಿಸಿದರು. ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡೊಂದನ್ನು ಮನಸ್ಸಿನಲ್ಲೇ ಹಾಡಿಕೊಳ್ಳುತ್ತಾ ಬೆರಳಿನಿಂದ ಮೇಜು ಕುಟ್ಟಬೇಕು, ಇನ್ನೊಬ್ಬರು ಹಾಡು ಯಾವುದೆಂದು ಹೇಳಬೇಕು. ಕುಟ್ಟಿದವರು ಅರ್ಧದಷ್ಟಾದರೂ ಗುರುತಿಸುತ್ತಾರೆ ಅಂದುಕೊಂಡಿದ್ದರು. 120 ಹಾಡುಗಳಲ್ಲಿ ಸರಿಯಾಗಿ ಗುರುತಾದದ್ದು ಮೂರು. ಕುಟ್ಟುವವರ ತಲೆಯೊಳಗೆ ಇಡೀ ಹಾಡು ಮೊಳಗುತ್ತಿರುತ್ತದೆ, ಎದುರಿನವರಿಗೆ ಬರೀ ಟಕ್ ಟಕ್. ಮೊಬೈಲಿನಲ್ಲಿ ಬರೆದು ಕಳಿಸುವ ಮಾತಿನ ಪಾಡೂ ಇದೇ. "ಸರಿ." ಎಂದು ಒಂದು ಚುಕ್ಕಿ ಇಟ್ಟು ಕಳಿಸಿದ ಉತ್ತರವನ್ನು ಹಿಡಿದುಕೊಂಡು ಇಡೀ ಮಧ್ಯಾಹ್ನ ಅರ್ಥ ಹುಡುಕಿದವರು ಈ ಸಭೆಯಲ್ಲಿ ಕಡಿಮೆಯೇನಿಲ್ಲ ಅಂತ ಕಾಣುತ್ತದೆ. (ನಗು.) ಜಗಳವನ್ನು ಮೆಸೇಜಿನಲ್ಲಿ ಆಡಬೇಡಿ. ಭೇಟಿಯಾಗಿ, ಆಗದಿದ್ದರೆ ಫೋನ್ ಮಾಡಿ.

ಈಗ ಕೇಳಿಸಿಕೊಳ್ಳುವುದು. ಈ ಬಗ್ಗೆ ಉಪದೇಶ ಕೇಳಿ ಕೇಳಿ ಕಿವಿ ತೂತಾಗಿದೆ, ನನಗೆ ಗೊತ್ತು. ಹಾಗಾಗಿ ಒಂದೇ ಒಂದು ನಿಯಮ ಹೇಳುತ್ತೇನೆ, ಅದನ್ನು ಮುಂದಿಟ್ಟವರು ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್, 1951ರ ಭಾಷಣವೊಂದರಲ್ಲಿ. ವಾದ ಬಿಸಿಯೇರಿದಾಗ ಮಾತು ನಿಲ್ಲಿಸಿ, ಈ ನಿಯಮ ಮಾಡಿಕೊಳ್ಳಿ: ಎದುರಿನವರು ಹೇಳಿದ್ದನ್ನು ಅವರಿಗೆ ಒಪ್ಪಿಗೆಯಾಗುವ ಹಾಗೆ ಮರಳಿ ಹೇಳಿದ ಮೇಲಷ್ಟೇ ನಿಮ್ಮ ಮಾತು ಆಡಬಹುದು. ನೀವೇ ಮಾಡಿ ನೋಡಿದರೆ ಗೊತ್ತಾಗುತ್ತದೆ, ಇದು ಕೇಳಿದಷ್ಟು ಸುಲಭವಲ್ಲ. "ಅಂದರೆ ನೀನು ಹೇಳೋದು, ನನಗೆ ಜವಾಬ್ದಾರಿಯೇ ಇಲ್ಲ ಅಂತ, ಅಲ್ವಾ?" ಎಂದರೆ ಅದು ಮರಳಿ ಹೇಳಿದ್ದಲ್ಲ, ಏಟಿಗೆ ಎದುರೇಟು. ಎದುರಿನವರು ತಕ್ಷಣ "ನಾನು ಹಾಗೆ ಹೇಳಲಿಲ್ಲ" ಅನ್ನುತ್ತಾರೆ. ಮತ್ತೆ ಪ್ರಯತ್ನಿಸಬೇಕು. "ಮೂರು ಸಲವೂ ಒಬ್ಬಳೇ ಹೋಗಬೇಕಾಯ್ತು, ನಾನು ಕೇಳಲೂ ಇಲ್ಲ, ಅದು ಬೇಸರ ತಂದಿದೆ." "ಹೂಂ, ಅದೇ." ಆ "ಹೂಂ" ಬಂದಾಗ ಎದುರಿನವರ ಭುಜ ಸ್ವಲ್ಪ ಕೆಳಗಿಳಿಯುವುದನ್ನು ಗಮನಿಸಿ. ಅಲ್ಲಿಯವರೆಗೆ ಅವರು ಒಂದೇ ಮಾತನ್ನು ಬೇರೆ ಬೇರೆ ರೀತಿ ಹತ್ತು ಸಲ ಹೇಳುತ್ತಿದ್ದರು. ಜಗಳದಲ್ಲಿ ಒಂದೇ ಮಾತು ಮತ್ತೆ ಮತ್ತೆ ಬರುತ್ತಿದೆ ಅಂದರೆ, ಅದು ಇನ್ನೂ ತಲುಪಿಲ್ಲ ಅಂತ ಅರ್ಥ.

ಮರಳಿ ಹೇಳುವುದೆಂದರೆ ಒಪ್ಪಿಕೊಳ್ಳುವುದಲ್ಲ. ಹೀಗೆಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ, ಆದರೆ ರೋಜರ್ಸ್ ಇದರಲ್ಲಿರುವ ಅಪಾಯವನ್ನೂ ಮುಚ್ಚಿಡಲಿಲ್ಲ. ಇನ್ನೊಬ್ಬರ ಕಣ್ಣಿನಿಂದ ಒಮ್ಮೆ ನೋಡಿದರೆ ನೀವೇ ಬದಲಾಗಿಬಿಡಬಹುದು ಎಂದು ಅವರು ಎಚ್ಚರಿಸಿದ್ದರು. ನಾವು ಕೇಳಿಸಿಕೊಳ್ಳದೇ ಇರುವುದು ಬಹಳ ಸಲ ಸೋಮಾರಿತನದಿಂದಲ್ಲ, ಈ ಭಯದಿಂದ.

ದೇಹದ ಬಗ್ಗೆ ಎರಡು ಮಾತು. ಜಗಳದ ನಡುವೆ ಹೃದಯ ಬಡಿತ ನಿಮಿಷಕ್ಕೆ ನೂರು ದಾಟಿದರೆ ಎದುರಿನವರ ಮಾತು ಒಳಗಿಳಿಯುವುದೇ ಕಷ್ಟ ಎಂದು ಗಾಟ್ಮನ್ ಅವರ ತಂಡ ಹೇಳುತ್ತದೆ. ಆಗ ಬೇಕಾದದ್ದು ಬಿಡುವು, ಕನಿಷ್ಠ ಇಪ್ಪತ್ತು ನಿಮಿಷ. ಆದರೆ ಬಿಡುವು ತೆಗೆದುಕೊಳ್ಳುವುದಕ್ಕೂ ಬಾಗಿಲು ದಢಾರನೆ ಹಾಕಿಕೊಂಡು ಹೋಗುವುದಕ್ಕೂ ವ್ಯತ್ಯಾಸ ಒಂದು ವಾಕ್ಯದ್ದು: "ನನಗೆ ಈಗ ತಲೆ ಓಡ್ತಿಲ್ಲ, ಅರ್ಧ ಗಂಟೆ ಬಿಟ್ಟು ಮಾತಾಡೋಣ." ಹೇಳಿದ ಮೇಲೆ ಅರ್ಧ ಗಂಟೆಗೆ ಬರಬೇಕು. ಬರದಿದ್ದರೆ ಮುಂದಿನ ಸಲ ಆ ವಾಕ್ಯವನ್ನು ಯಾರೂ ನಂಬುವುದಿಲ್ಲ. ಆ ಅರ್ಧ ಗಂಟೆಯಲ್ಲಿ ಏನು ಮಾಡುತ್ತೀರಿ ಅನ್ನುವುದೂ ಮುಖ್ಯ. ಸಿಟ್ಟನ್ನು ಹೊರಗೆ ಹಾಕಿದರೆ ಕುಕ್ಕರಿನ ಆವಿಯ ಹಾಗೆ ಹೋಗಿಬಿಡುತ್ತದೆ ಎಂಬ ನಂಬಿಕೆ ಇದೆಯಲ್ಲ, ಅದನ್ನು ಬ್ರಾಡ್ ಬುಶ್ಮನ್ 2002ರಲ್ಲಿ ಪರೀಕ್ಷಿಸಿದರು. ವಿದ್ಯಾರ್ಥಿಗಳು ಬರೆದ ಪ್ರಬಂಧವನ್ನು ಕಟುವಾಗಿ ಟೀಕಿಸಿ ಸಿಟ್ಟು ಬರಿಸಿ, ಕೆಲವರಿಗೆ ಟೀಕಿಸಿದವನನ್ನೇ ನೆನೆಯುತ್ತಾ ಗುದ್ದುವ ಚೀಲಕ್ಕೆ ಗುದ್ದಲು ಹೇಳಿದರು, ಕೆಲವರನ್ನು ಸುಮ್ಮನೆ ಕೂರಿಸಿದರು. ಗುದ್ದಿದವರ ಸಿಟ್ಟು ಹೆಚ್ಚಿತ್ತು, ಸುಮ್ಮನೆ ಕೂತವರದು ಕಡಿಮೆ. ಹಾಗಾಗಿ ಬಿಡುವಿನಲ್ಲಿ ಇನ್ನೊಬ್ಬರಿಗೆ ಫೋನ್ ಮಾಡಿ ಎಲ್ಲವನ್ನೂ ಮೊದಲಿನಿಂದ ಹೇಳಿ ಮತ್ತೆ ಉರಿಸಿಕೊಳ್ಳುವ ಬದಲು, ಒಗೆದ ಬಟ್ಟೆ ಮಡಚಿಡಿ.

ಇನ್ನೊಂದು ಅಧ್ಯಯನ ನನ್ನನ್ನು ಬಹಳ ಕಾಲ ಕಾಡಿತು. 2005ರಲ್ಲಿ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು 42 ದಂಪತಿಗಳ ತೋಳಿನ ಮೇಲೆ ಸಣ್ಣ ಗುಳ್ಳೆಗಳನ್ನೆಬ್ಬಿಸಿ ಗಾಯ ಮಾಯುವ ವೇಗ ಅಳೆದರು. ಪರಸ್ಪರ ಹಗೆಯಿಂದ ಮಾತಾಡುವ ಜೋಡಿಗಳ ಗಾಯ ಇತರರ ಗಾಯ ಮಾಯುವ ವೇಗದ ಶೇ. 60ರಷ್ಟರಲ್ಲಿ ಮಾತ್ರ ಮಾಯುತ್ತಿತ್ತು. ಮಾತಿನಿಂದಾದ ಗಾಯ ಎಂದು ನಾವು ಅಲಂಕಾರಕ್ಕೆ ಹೇಳುತ್ತೇವೆ. ಇಲ್ಲಿ ನಿಜವಾದ ಚರ್ಮ, ನಿಜವಾದ ಗಾಯ.

ಬಗೆಹರಿಯುವ ಜಗಳಗಳೂ ಇವೆ, ಅವುಗಳ ಮಾತು. ಮೇರಿ ಪಾರ್ಕರ್ ಫಾಲೆಟ್ ಎಂಬ ಚಿಂತಕಿ 1925ರ ಉಪನ್ಯಾಸವೊಂದರಲ್ಲಿ ಒಂದು ಪುಟ್ಟ ಪ್ರಸಂಗ ಹೇಳಿದ್ದರು. ಹಾರ್ವರ್ಡ್ ಗ್ರಂಥಾಲಯದ ಸಣ್ಣ ಕೊಠಡಿ. ಒಬ್ಬರಿಗೆ ಕಿಟಕಿ ತೆರೆಯಬೇಕು, ಫಾಲೆಟ್ ಅವರಿಗೆ ಮುಚ್ಚಿರಬೇಕು. ಕೊನೆಗೆ ಯಾರೂ ಕೂತಿರದ ಪಕ್ಕದ ಕೋಣೆಯ ಕಿಟಕಿ ತೆರೆದರು. ಆ ಮನುಷ್ಯನಿಗೆ ಬೇಕಿದ್ದದ್ದು ಗಾಳಿ, ಇಂಥದ್ದೇ ಕಿಟಕಿ ತೆರೆದಿರಬೇಕೆಂಬ ಹಟವಿರಲಿಲ್ಲ. ಫಾಲೆಟ್ ಅವರಿಗೆ ಬೇಡವಾಗಿದ್ದದ್ದು ಬಡಗಣ ಗಾಳಿ ನೇರವಾಗಿ ಮೈಗೆ ಬೀಸುವುದು. ಇದು ರಾಜಿಯಲ್ಲ ಎಂದು ಅವರು ಒತ್ತಿ ಹೇಳುತ್ತಾರೆ. ರಾಜಿಯಾಗಿದ್ದರೆ ಕಿಟಕಿ ಅರ್ಧ ತೆರೆದು, ಒಬ್ಬರು ಚಳಿಯಲ್ಲಿ, ಇನ್ನೊಬ್ಬರು ಸೆಕೆಯಲ್ಲಿ ಕೂರಬೇಕಿತ್ತು. ನಾವು ರಾಜಿಯನ್ನು ಬಹಳ ಬೇಗ ಮಾಡಿಕೊಳ್ಳುತ್ತೇವೆ ಅನ್ನುವುದು ನನ್ನ ದೂರು. "ನಿಂದೂ ಬೇಡ, ನಂದೂ ಬೇಡ" ಎಂದು ಇಬ್ಬರಿಗೂ ಬೇಡವಾದ ಮೂರನೆಯದನ್ನು ಆರಿಸಿ, ಉದಾರಿಗಳಾದೆವೆಂದು ಬೀಗುತ್ತೇವೆ. "ಅದು ನಿನಗೆ ಯಾಕೆ ಬೇಕು?" ಎಂದು ಒಮ್ಮೆ ಕೇಳಿದ್ದರೆ ಪಕ್ಕದ ಕೋಣೆಯ ಕಿಟಕಿ ಕಾಣುತ್ತಿತ್ತೇನೋ. ಪ್ರತಿಸಲ ಪಕ್ಕದಲ್ಲಿ ಕೋಣೆ ಇರುವುದಿಲ್ಲ, ಅದೂ ನಿಜ.

ಹೊರಗಿನವರ ಕಣ್ಣು ಎಷ್ಟು ಕೆಲಸ ಮಾಡುತ್ತದೆ ಅನ್ನುವುದಕ್ಕೆ 2013ರಲ್ಲಿ ಇಲೈ ಫಿಂಕೆಲ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ನೋಡಬೇಕು. 120 ದಂಪತಿಗಳನ್ನು ಎರಡು ವರ್ಷ ಗಮನಿಸಿದರು. ಎರಡನೆಯ ವರ್ಷ ಅವರಲ್ಲಿ ಅರ್ಧ ಜನಕ್ಕೆ ಏಳೇಳು ನಿಮಿಷದ ಮೂರು ಬರವಣಿಗೆಗಳನ್ನು ಕೊಟ್ಟರು, ವರ್ಷಕ್ಕೆ ಒಟ್ಟು 21 ನಿಮಿಷ. ನಿಮ್ಮಿಬ್ಬರ ಒಳಿತನ್ನೂ ಬಯಸುವ ಮೂರನೆಯವರೊಬ್ಬರು ಈ ಜಗಳವನ್ನು ಹೇಗೆ ಕಾಣುತ್ತಾರೆ, ಬರೆಯಿರಿ ಎಂದರು. ಬರೆದವರ ದಾಂಪತ್ಯದ ತೃಪ್ತಿ ಕುಸಿಯುವುದು ನಿಂತಿತು, ಬರೆಯದವರದು ಕುಸಿಯುತ್ತಲೇ ಹೋಯಿತು. ಬರೆದವರ ಜಗಳಗಳು ಕಡಿಮೆಯಾಗಲಿಲ್ಲ ಎಂಬುದು ಇದರಲ್ಲಿ ನನಗೆ ಇಷ್ಟವಾದ ಭಾಗ. ಅಷ್ಟೇ ಸಲ ಜಗಳವಾಡಿದರು, ನೋವು ಮಾತ್ರ ಕಡಿಮೆಯಾಯಿತು.

ಮುಗಿಸುವ ಮುಂಚೆ ಒಂದು ಗೆರೆ ಎಳೆಯಬೇಕು. ಇಷ್ಟು ಹೊತ್ತು ಹೇಳಿದ್ದೆಲ್ಲ ಇಬ್ಬರೂ ಭಯವಿಲ್ಲದೆ "ಇಲ್ಲ" ಅನ್ನಬಹುದಾದ ಸಂಬಂಧಗಳಿಗೆ. ಹೊಡೆತ, ಬೆದರಿಕೆ, ಹಣ ಅಥವಾ ಫೋನ್ ಕಿತ್ತಿಟ್ಟುಕೊಳ್ಳುವುದು, ಹೊರಗೆ ಹೋಗದಂತೆ ತಡೆಯುವುದು ಇವೆಲ್ಲ ಭಿನ್ನಾಭಿಪ್ರಾಯವಲ್ಲ. ಅಲ್ಲಿ ಮೃದುವಾಗಿ ಮಾತು ಶುರು ಮಾಡು ಎಂದು ಪೆಟ್ಟು ತಿನ್ನುವವರಿಗೆ ಬುದ್ಧಿ ಹೇಳುವುದು ಅನ್ಯಾಯ. ಅಲ್ಲಿ ಬೇಕಾದದ್ದು ಸುರಕ್ಷಿತ ಜಾಗ ಮತ್ತು ಕಾನೂನಿನ ನೆರವು.

ಸಭಿಕರ ಪ್ರಶ್ನೆಗಳು

ಮಕ್ಕಳ ಮುಂದೆ ಜಗಳ ಆಡಲೇಬಾರದಲ್ಲವೇ ಎಂದು ಒಬ್ಬರು ಕೇಳಿದರು.

ಹಗೆ, ಅವಮಾನ, ಕೈ ಎತ್ತುವುದು ಮಕ್ಕಳ ಮುಂದೆಯೂ ಬೇಡ, ಹಿಂದೆಯೂ ಬೇಡ. ಆದರೆ ಸಾಧಾರಣ ಭಿನ್ನಾಭಿಪ್ರಾಯದ ವಿಷಯದಲ್ಲಿ, ಜಗಳ ಬಗೆಹರಿದದ್ದನ್ನು ಕಂಡ ಮಕ್ಕಳ ಕಳವಳ ಬಹಳಷ್ಟು ಇಳಿಯುತ್ತದೆ ಎಂದು ಮಾರ್ಕ್ ಕಮಿಂಗ್ಸ್ ಮತ್ತು ಸಂಗಡಿಗರ ವರ್ಷಗಟ್ಟಲೆಯ ಅಧ್ಯಯನಗಳು ತೋರಿಸಿವೆ. ನಾವು ಮಾಡುವುದು ಇದರ ಉಲ್ಟಾ. ಜಗಳ ನಡುಮನೆಯಲ್ಲಿ, ರಾಜಿ ಬಾಗಿಲು ಹಾಕಿಕೊಂಡು. ಮಗು ಮೊದಲರ್ಧ ಮಾತ್ರ ನೋಡಿ ಮಲಗುತ್ತದೆ. ಮಾರನೆಯ ಬೆಳಿಗ್ಗೆಯಾದರೂ "ನಿನ್ನೆ ಜೋರಾಗಿ ಮಾತಾಡಿದ್ವಿ, ಈಗ ಸರಿಹೋಗಿದೆ" ಎಂದು ಹೇಳಿ. ನಾಟಕ ಮಾಡಬೇಡಿ, ಸರಿಹೋಗದಿದ್ದರೆ ಮಕ್ಕಳಿಗೆ ಗೊತ್ತಾಗುತ್ತದೆ.

ನಾನೊಬ್ಬಳೇ ಇದೆಲ್ಲ ಮಾಡಿ, ಎದುರಿನವರು ಮಾಡದಿದ್ದರೆ ಏನು ಪ್ರಯೋಜನ ಎಂದು ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂತು.

ಸ್ವಲ್ಪ ಪ್ರಯೋಜನ ಇದೆ, ಪೂರ್ತಿ ಇಲ್ಲ. ಶುರು ಮಾಡುವ ರೀತಿ ಒಬ್ಬರ ಕೈಯಲ್ಲೇ ಇರುವಂಥದ್ದು, ಅದಕ್ಕೆ ಎದುರಿನವರ ಅನುಮತಿ ಬೇಕಿಲ್ಲ. ಜಗಳದ ನಡುವೆ ಅವರು ಎಸೆಯುವ ಸಣ್ಣ ಸಂಧಾನಗಳನ್ನು ಗಮನಿಸುವುದೂ ಹಾಗೆಯೇ. "ತಡಿ, ನಾನು ಹೇಳಬೇಕೆಂದಿದ್ದು ಅದಲ್ಲ" ಅನ್ನುವುದು, ಒಂದು ಪೆದ್ದು ಜೋಕು, ಒಂದು ಲೋಟ ನೀರು ತಂದಿಡುವುದು. ಬಹಳ ಜನಕ್ಕೆ ಸಂಧಾನ ಮಾಡಲು ಬರುವುದು ಇಷ್ಟು ಒಡ್ಡೊಡ್ಡಾಗಿಯೇ. ಅದನ್ನು ತಳ್ಳಿಹಾಕದಿದ್ದರೆ ಸಾಕು. ಆದರೆ ವರ್ಷಗಟ್ಟಲೆ ನೀವೊಬ್ಬರೇ ಹೊರುತ್ತಿದ್ದರೆ ಅದನ್ನೇ ಒಂದು ದೂರಾಗಿ ಎದುರಿಗಿಡಿ, ಇಲ್ಲವೇ ಆಪ್ತಸಮಾಲೋಚಕರ ಹತ್ತಿರ ಹೋಗಿ. ತಾಳ್ಮೆಗೆ ಪದಕ ಕೊಡುವವರಿಲ್ಲ.

ಕುಟುಂಬದ ವಾಟ್ಸ್ಆ್ಯಪ್ ಗುಂಪಿನ ರಾಜಕೀಯದ ಬಗ್ಗೆಯೂ ಕೇಳಿದರು. ಅದಕ್ಕೆ ನನ್ನ ಉತ್ತರ ಚಿಕ್ಕದು. ಮೂವತ್ತು ಜನ ನೋಡುತ್ತಿರುವಾಗ ಯಾರೂ ಅಭಿಪ್ರಾಯ ಬದಲಿಸುವುದಿಲ್ಲ, ಹಿಂದೆ ಸರಿದರೆ ಮರ್ಯಾದೆಯ ಪ್ರಶ್ನೆ. ಮಾತಾಡಲೇಬೇಕಿದ್ದರೆ ಒಬ್ಬರಿಗೇ ಫೋನ್ ಮಾಡಿ.

ಕೊನೆಯ ಪ್ರಶ್ನೆ ಕ್ಷಮೆ ಕೇಳುವ ಬಗ್ಗೆ. "ಸಾರಿ ಹೇಳಿದರೂ ಸಿಟ್ಟು ಇಳಿಯಲ್ಲ, ಇನ್ನೇನು ಮಾಡಬೇಕು?"

2016ರಲ್ಲಿ ರಾಯ್ ಲೆವಿಕಿ ಮತ್ತು ಸಂಗಡಿಗರು ಕ್ಷಮಾಪಣೆಯನ್ನು ಆರು ಭಾಗ ಮಾಡಿ ಯಾವುದು ಹೆಚ್ಚು ಮುಟ್ಟುತ್ತದೆ ಎಂದು ನೋಡಿದರು. ಎಲ್ಲಕ್ಕಿಂತ ಹೆಚ್ಚು ತೂಕ ಬಂದದ್ದು "ತಪ್ಪು ನನ್ನದು" ಎಂದು ಹೊಣೆ ಹೊರುವುದಕ್ಕೆ. ಅದರ ನಂತರ, ಆದದ್ದನ್ನು ಸರಿಪಡಿಸಲು ಏನು ಮಾಡುತ್ತೇನೆ ಎಂದು ಹೇಳುವುದಕ್ಕೆ. ಎಲ್ಲಕ್ಕಿಂತ ಕಡಿಮೆ ತೂಕ "ಕ್ಷಮಿಸಿಬಿಡು" ಎಂದು ಬೇಡುವುದಕ್ಕೆ. ನಾವು ಶುರು ಮಾಡುವುದೇ ಅಲ್ಲಿಂದ, ಬಹುತೇಕ ಸಲ ನಿಲ್ಲಿಸುವುದೂ ಅಲ್ಲೇ. ಹಾಗಾಗಿ ಏನು ಮಾಡಿದಿರಿ ಅನ್ನುವುದನ್ನು ಹೆಸರು ಹಿಡಿದು ಹೇಳಿ. "ಗೆಳೆಯರ ಮುಂದೆ ನಿನ್ನ ಕೆಲಸದ ವಿಷಯ ಎತ್ತಿ ನಕ್ಕೆ, ಅದು ನನ್ನ ತಪ್ಪು" ಅನ್ನಿ. "ನಿನಗೆ ಬೇಜಾರಾಗಿದ್ದರೆ ಸಾರಿ" ಅನ್ನಬೇಡಿ. ಹೇಳಿ ಮುಗಿಸಿದ ಮೇಲೆ "ಆದರೆ" ಅಂತ ಇನ್ನೊಂದು ವಾಕ್ಯ ಶುರು ಮಾಡಬೇಡಿ, ಅದಕ್ಕೆ ಬೇರೊಂದು ದಿನ ಇದೆ. ಮತ್ತು ನಿಂತ ಜಾಗದಲ್ಲೇ "ಕ್ಷಮಿಸಿದ್ದೀಯ ತಾನೇ?" ಎಂದು ಉತ್ತರ ವಸೂಲಿಗೆ ಇಳಿಯಬೇಡಿ. ಅವರಿಗೆ ಇನ್ನೆರಡು ದಿನ ಸಿಟ್ಟಿರಬಹುದು, ಇರಲಿ ಬಿಡಿ.